ಗಾಡಿ ಯಾಕ ನಿಲ್ಲಲಿಲ್ಲ?



ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಮೋಟಾರ್ ಸೈಕಲ್ ಇದೆ? ಯಾವ ಶಾಲೆಗೆ ಹೋದರೂ ನಾನು ಈ ಪ್ರಶ್ನೆ ಕೇಳುತ್ತೇನೆ. ತರಗತಿಯ ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲೇಳುತ್ತವೆ. ಆಮೇಲೆ ಕೇಳುತ್ತೇನೆ, "ಅದಕ್ಕೆ ಎಷ್ಟು ಬ್ರೇಕ್ ಇವೆ?" "ಎರಡು ಸರ." "ನಿಮ್ಮ ಅಪ್ಪ, ಕಾಕಾ, ಅಣ್ಣ ಯಾವುದನ್ನು ಬಳಸುತ್ತಾರೆ?" ಆಗ ಇಡೀ ತರಗತಿ ಒಂದೇ ದನಿಯಲ್ಲಿ ಹೇಳುತ್ತದೆ: "ಕಾಲಿಂದು ಸರ, ಹಿಂದಿನ ಗಾಲಿದು!"

ಈ ಉತ್ತರ ಕೇಳಿದಾಗಲೆಲ್ಲ ನನಗೆ ಹಿರೋಳ್ಳಿಯ ದಾರಿ ನೆನಪಾಗುತ್ತದೆ.

ಹಿರೋಳ್ಳಿ ನಮ್ಮ ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಗಡಿಯ ಊರು. ಅಲ್ಲಿಂದ ಮುಂದೆ ಹೋದರೆ ಮಹಾರಾಷ್ಟ್ರದ ವಾಗ್ದರಿ, ಅಕ್ಕಲಕೋಟೆ. ದಾರಿಯ ಎರಡೂ ಬದಿಗೆ ಎರೆಹೊಲ, ಹೊಲದ ತುಂಬ ತೊಗರಿ. 2018ರ ಜುಲೈ ತಿಂಗಳ ಒಂದು ಭಾನುವಾರ ನಾನು ಆ ದಾರಿಯಲ್ಲಿ ಗಾಡಿ ಮೇಲೆ ಹೊರಟಿದ್ದೆ. ಸೋಮವಾರದ ವಿಜ್ಞಾನ ಮೇಳಕ್ಕೆ ಸೂಕ್ಷ್ಮದರ್ಶಕದ ಪೆಟ್ಟಿಗೆ ಮುಟ್ಟಿಸಬೇಕಿತ್ತು. ಎಂಟು ವರ್ಷದ ನನ್ನ ಮಗಳು ತಾನೂ ಬರುತ್ತೇನೆಂದು ಹಟ ಹಿಡಿದು ಹಿಂದೆ ಕುಳಿತಿದ್ದಳು. ನನ್ನ ತಲೆಯ ಮೇಲೆ ಹೆಲ್ಮೆಟ್ ಇತ್ತು. ಅವಳ ತಲೆಯ ಮೇಲೆ ಇರಲಿಲ್ಲ. ಮಕ್ಕಳಿಗೂ ಹೆಲ್ಮೆಟ್ ಬೇಕೆಂದು ಆಗ ನನಗೆ ಹೊಳೆದೇ ಇರಲಿಲ್ಲ.

ಬೆಳಿಗ್ಗೆ ಮಳೆ ಬಂದು ನಿಂತಿತ್ತು. ಹೊಲದಿಂದ ಬಂದ ಟ್ರ್ಯಾಕ್ಟರಿನ ಗಾಲಿಗಳು ಎರೆಮಣ್ಣನ್ನು ಟಾರಿನ ಮೇಲೆ ಮೆತ್ತಿ ಹೋಗಿದ್ದವು. ನನ್ನ ವೇಗ ಗಂಟೆಗೆ ಸುಮಾರು 40 ಕಿಲೋಮೀಟರ್. ಆಗ ಬದುವಿನ ಮರೆಯಿಂದ ಒಂದು ಎಮ್ಮೆಕರು ತಾಯಿಯ ಹಿಂದೆ ಓಡುತ್ತ ರಸ್ತೆಗೆ ಬಂತು. ನಾನು ಬಲಗಾಲಿನಿಂದ ಹಿಂದಿನ ಬ್ರೇಕನ್ನು ಬಲವಾಗಿ ತುಳಿದೆ. ಹಿಂದಿನ ಗಾಲಿ ತಿರುಗುವುದನ್ನು ನಿಲ್ಲಿಸಿತು. ಗಾಡಿ ಮಾತ್ರ ನಿಲ್ಲಲಿಲ್ಲ. ಹಿಂಭಾಗ ಎಡಕ್ಕೆ ಸರಿಯಿತು, ಮರುಕ್ಷಣ ಇಬ್ಬರೂ ನೆಲದ ಮೇಲಿದ್ದೆವು.

ಕರುವಿಗೆ ಏನೂ ಆಗಲಿಲ್ಲ. ನನ್ನ ಮೊಣಕಾಲು ತರಚಿತ್ತು. ಮಗಳ ಎಡ ಮುಂಗೈ ಮುರಿದಿತ್ತು, ಗಲ್ಲಕ್ಕೆ ಮೂರು ಹೊಲಿಗೆ ಬಿದ್ದವು. ತಲೆಗೆ ಪೆಟ್ಟಾಗಲಿಲ್ಲ. ಅದು ನಮ್ಮ ಅದೃಷ್ಟವೇ ಹೊರತು ನನ್ನ ಜಾಣತನವಲ್ಲ. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಳ್ಳುತ್ತ ಅವಳು ಕೇಳಿದಳು: "ಅಪ್ಪಾ, ನೀನು ವಿಜ್ಞಾನದ ಮಾಸ್ತರ ಅಲ್ಲಾ? ನೀ ಬ್ರೇಕ್ ಹೊಡದಿ. ಮತ್ತ ಗಾಡಿ ಯಾಕ ನಿಲ್ಲಲಿಲ್ಲ?"

ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ಘರ್ಷಣೆಯ ಪಾಠವನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಆದರೂ ಆ ಹೊತ್ತಿನಲ್ಲಿ ಅವಳಿಗೆ ಉತ್ತರ ಹೇಳಲಾಗಲಿಲ್ಲ. ಆ ಉತ್ತರವನ್ನು ಇಂದು ನಿಮಗೆ ಹೇಳುತ್ತೇನೆ.

ಹೊಸದಾಗಿಯೇ ಉಳಿದಿದ್ದ ಬ್ರೇಕ್

ಮರುವಾರ ಗಾಡಿಯನ್ನು ಗ್ಯಾರೇಜಿಗೆ ಒಯ್ದೆ. ಮೇಸ್ತ್ರಿ ಎರಡೂ ಗಾಲಿ ಬಿಚ್ಚಿದರು. ಹಿಂದಿನ ಬ್ರೇಕ್ ಶೂ ಪೂರ್ತಿ ಸವೆದಿತ್ತು. ಮುಂದಿನದನ್ನು ಕೈಯಲ್ಲಿ ಹಿಡಿದು ಅವರು ನಕ್ಕರು: "ಸರ, ಹನ್ನೆರಡು ವರ್ಷದ ಗಾಡಿ. ಮುಂದಿನ ಶೂ ಹೊಸಾದು ಇದ್ದಂಗ ಅದ! ನೀವು ಇದನ್ನ ಮುಟ್ಟೇ ಇಲ್ಲೇನ್ರಿ?"

ಹೌದು, ಮುಟ್ಟಿರಲಿಲ್ಲ. 2002ರಲ್ಲಿ ನನಗೆ ಗಾಡಿ ಕಲಿಸಿದವರು ನಮ್ಮ ಕಾಕಾ. ಮೊದಲ ದಿನವೇ ಅವರು ಹೇಳಿದ್ದರು: "ತಮ್ಮಾ, ಮುಂದಿನ ಬ್ರೇಕ್ ಹಿಡೀಬ್ಯಾಡ. ಗಾಡಿ ಪಲ್ಟಿ ಆಗ್ತದ." ಹದಿನಾರು ವರ್ಷ ನಾನು ಆ ಮಾತನ್ನು ಪಾಲಿಸಿದ್ದೆ. ನಿಮ್ಮ ಮನೆಯಲ್ಲಿಯೂ ಯಾರಾದರೂ ಈ ಮಾತು ಹೇಳಿರಬಹುದು. ಅದು ನಿಜವೋ ಸುಳ್ಳೋ? ಪರೀಕ್ಷಿಸಿ ನೋಡೋಣ ಬನ್ನಿ.

ಒಂದು ಇಟ್ಟಿಗೆ, ಎರಡು ನಿಯಮ

ನಿಮ್ಮ ಶಾಲೆಯ ವಿಜ್ಞಾನ ಕಿಟ್‌ನಲ್ಲಿ ಸ್ಪ್ರಿಂಗ್ ತ್ರಾಸು ಇದ್ದರೆ ಗುರುಗಳನ್ನು ಕೇಳಿ ತೆಗೆದುಕೊಳ್ಳಿ. ಒಂದು ಇಟ್ಟಿಗೆಗೆ ದಾರ ಕಟ್ಟಿ, ತ್ರಾಸಿನ ಕೊಕ್ಕೆಗೆ ಸಿಕ್ಕಿಸಿ, ನೆಲದ ಮೇಲೆ ಮೆಲ್ಲಗೆ ಎಳೆಯಿರಿ. ಇಟ್ಟಿಗೆ ಕದಲುವ ಮುನ್ನ ಮುಳ್ಳು ಎಲ್ಲಿಯವರೆಗೆ ಹೋಯಿತು? ಕದಲಿದ ಮೇಲೆ, ಒಂದೇ ಸಮನೆ ಜಾರುವಾಗ ಎಲ್ಲಿ ನಿಂತಿತು? ಎರಡನ್ನೂ ಬರೆದಿಟ್ಟುಕೊಳ್ಳಿ.

ಕದಲಿಸಲು ಹೆಚ್ಚು ಬಲ ಬೇಕು, ಜಾರುತ್ತಿರುವುದನ್ನು ಎಳೆಯಲು ಕಡಿಮೆ ಬಲ ಸಾಕು. ಅಂದರೆ, ಎರಡು ಮೇಲ್ಮೈಗಳು ಒಂದರ ಮೇಲೊಂದು ಜಾರದೆ ಹಿಡಿದುಕೊಂಡಿರುವಾಗ ಘರ್ಷಣೆ ಹೆಚ್ಚು. ಒಮ್ಮೆ ಜಾರತೊಡಗಿದರೆ ಕಡಿಮೆ. ಇದು ಮೊದಲ ನಿಯಮ.

ಈಗ ಆ ಇಟ್ಟಿಗೆಯ ಮೇಲೆ ಅಂಥದ್ದೇ ಇನ್ನೊಂದು ಇಟ್ಟಿಗೆ ಇಟ್ಟು ಎಳೆಯಿರಿ. ಬೇಕಾಗುವ ಬಲ ಹೆಚ್ಚು ಕಡಿಮೆ ಎರಡು ಪಟ್ಟಾಗುತ್ತದೆ. ನೆಲವನ್ನು ಒತ್ತುವ ಭಾರ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚುತ್ತದೆ. ಇದು ಎರಡನೆಯ ನಿಯಮ. ಫ್ರಾನ್ಸಿನ ಅಮೊಂತೋ ಎಂಬ ವಿಜ್ಞಾನಿ ಇದನ್ನು 1699ರಲ್ಲಿ ವಿವರಿಸಿದರು.

ಇನ್ನು ಗಾಡಿಯ ಗಾಲಿಗೆ ಬರೋಣ. ಉರುಳುವ ಗಾಲಿಯ ಟೈರು ರಸ್ತೆಯ ಮೇಲೆ ಜಾರುವುದಿಲ್ಲ. ನಾವು ಒಂದೊಂದೇ ಹೆಜ್ಜೆ ಊರಿ ನಡೆಯುವಂತೆ, ಟೈರಿನ ಒಂದೊಂದು ಭಾಗವೂ ರಸ್ತೆಯನ್ನು ಮುಟ್ಟಿ, ಹಿಡಿದು, ಬಿಟ್ಟು ಮೇಲೇಳುತ್ತದೆ. ಹಾಗೆ ಹಿಡಿಯುವ ಭಾಗ ಒಂದು ಅಂಗೈಯಷ್ಟು ಮಾತ್ರ! ಬ್ರೇಕ್ ಗಾಲಿಯನ್ನು ನಿಧಾನಗೊಳಿಸುತ್ತದೆ, ಆದರೆ ಗಾಡಿಯನ್ನು ಹಿಡಿದು ನಿಲ್ಲಿಸುವುದು ಈ ಅಂಗೈಯಗಲದ ಜಾಗದಲ್ಲಿರುವ ಘರ್ಷಣೆ. ಬ್ರೇಕನ್ನು ಮಿತಿಮೀರಿ ತುಳಿದರೆ ಗಾಲಿ ಪೂರ್ತಿ ಬಿಗಿದುಕೊಳ್ಳುತ್ತದೆ. ಆಗ ಅದು ಉರುಳುವುದಿಲ್ಲ, ಇಟ್ಟಿಗೆಯಂತೆ ಜಾರುತ್ತದೆ. ಹೆಚ್ಚಿದ್ದ ಘರ್ಷಣೆ ಕಡಿಮೆಯಾಗುತ್ತದೆ. ಅಷ್ಟೇ ಅಲ್ಲ, ಜಾರುವ ಗಾಲಿ ಯಾವ ದಿಕ್ಕಿಗಾದರೂ ಜಾರಬಲ್ಲದು. ನನ್ನ ಗಾಡಿಯ ಹಿಂಭಾಗ ಎಡಕ್ಕೆ ಸರಿದದ್ದು ಇದರಿಂದಲೇ.

ಭಾರ ಎಲ್ಲಿಗೆ ಹೋಯಿತು?

ಬಸ್ಸಿನಲ್ಲಿ ನಿಂತಿದ್ದೀರಿ. ಚಾಲಕ ಒಮ್ಮೆಲೆ ಬ್ರೇಕ್ ಹಾಕುತ್ತಾರೆ. ನೀವು ಯಾವ ಕಡೆಗೆ ವಾಲುತ್ತೀರಿ? ಮುಂದಕ್ಕೆ. ಇದಕ್ಕೆ ಕಾರಣ ಜಡತ್ವ ಎಂದು ಓದಿದ್ದೀರಿ. ಮೋಟಾರ್ ಸೈಕಲ್ಲಿನಲ್ಲಿಯೂ ಹೀಗೆಯೇ. ಟೈರುಗಳು ಕೆಳಗೆ ರಸ್ತೆಯನ್ನು ಹಿಡಿಯುತ್ತವೆ, ಮೇಲಿರುವ ಗಾಡಿ ಮತ್ತು ಸವಾರರ ದೇಹ ಮುಂದಕ್ಕೇ ಹೋಗಲು ನೋಡುತ್ತವೆ. ಆಗ ಮುಂದಿನ ಗಾಲಿಯ ಮೇಲೆ ಒತ್ತಡ ಹೆಚ್ಚುತ್ತದೆ, ಹಿಂದಿನದರ ಮೇಲೆ ಕಡಿಮೆಯಾಗುತ್ತದೆ. ಇದನ್ನು ಕಣ್ಣಾರೆ ನೋಡಬಹುದು. ಬಸ್ ನಿಲ್ದಾಣದ ಬಳಿ, ರಸ್ತೆಯಿಂದ ದೂರ ನಿಂತು, ನಿಲ್ಲುತ್ತಿರುವ ಮೋಟಾರ್ ಸೈಕಲ್ಲಿನ ಮುಂಭಾಗವನ್ನು ಗಮನಿಸಿ. ಬ್ರೇಕ್ ಹಿಡಿದಾಗ ಹೆಡ್‌ಲೈಟ್ ಕೆಳಗೆ ಬಾಗಿ, ನಿಂತ ಮೇಲೆ ಮತ್ತೆ ಮೇಲೇಳುತ್ತದೆ.

ಈಗ ಎರಡನೆಯ ನಿಯಮವನ್ನು ನೆನಪಿಸಿಕೊಳ್ಳಿ. ಭಾರ ಹೆಚ್ಚಿದ ಕಡೆ ಘರ್ಷಣೆ ಹೆಚ್ಚು. ಹಾಗಾದರೆ ಬ್ರೇಕ್ ಹಿಡಿದಾಗ ರಸ್ತೆಯನ್ನು ಗಟ್ಟಿಯಾಗಿ ಹಿಡಿಯಬಲ್ಲ ಗಾಲಿ ಯಾವುದು? ಮುಂದಿನದು! ನಾನು ಹದಿನಾರು ವರ್ಷ ಮುಟ್ಟದೆ ಬಿಟ್ಟಿದ್ದು ಅದನ್ನೇ. ಭಾರ ಕಳೆದುಕೊಂಡು ಹಗುರಾದ ಹಿಂದಿನ ಗಾಲಿಯ ಮೇಲೆ ಎಲ್ಲ ಕೆಲಸವನ್ನೂ ಹೊರಿಸಿದ್ದೆ.

ನಿಮಗೆ ನಂಬಿಕೆ ಬಾರದಿದ್ದರೆ ಒಂದು ಸೈಕಲ್ ತನ್ನಿ. ಅದನ್ನು ಹತ್ತಬೇಡಿ. ಪಕ್ಕದಲ್ಲಿ ನಿಂತು, ಎರಡೂ ಕೈಗಳಿಂದ ಹ್ಯಾಂಡಲ್ ಹಿಡಿದು ಮೆಲ್ಲಗೆ ಮುಂದಕ್ಕೆ ತಳ್ಳಿ. ಮೊದಲು ಹಿಂದಿನ ಬ್ರೇಕ್ ಮಾತ್ರ ಹಿಡಿದು ತಳ್ಳಿ ನೋಡಿ. ಹಿಂದಿನ ಗಾಲಿ ಬಿಗಿದುಕೊಂಡರೂ ಮಣ್ಣಿನಲ್ಲಿ ಗೆರೆ ಎಳೆಯುತ್ತ ಸೈಕಲ್ ಮುಂದೆ ಸಾಗುತ್ತದೆ. ಈಗ ಮುಂದಿನ ಬ್ರೇಕ್ ಮಾತ್ರ ಹಿಡಿದು ತಳ್ಳಿ. ಸೈಕಲ್ ಅಲ್ಲಿಯೇ ನಿಲ್ಲುತ್ತದೆ. ಬಲವಾಗಿ ತಳ್ಳಿದರೆ ಹಿಂದಿನ ಗಾಲಿ ನೆಲ ಬಿಟ್ಟು ಮೇಲೇಳುತ್ತದೆ.

"ಹಂಗಾರ ಕಾಕಾ ಹೇಳಿದ್ದು ಖರೇ ಆತಲ್ರಿ ಸರ! ಗಾಡಿ ಪಲ್ಟಿ ಆಗ್ತದಲ್ಲ!" ಎಂದು ಹಿರೋಳ್ಳಿಯ ಹುಡುಗನೊಬ್ಬ ಈ ಪ್ರಯೋಗ ನೋಡಿ ಕೂಗಿದ. ಒಳ್ಳೆಯ ಪ್ರಶ್ನೆ. ಕಾಕಾ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಸೈಕಲ್ ಹಗುರ, ಗಿಡ್ಡ, ಸವಾರ ಕುಳಿತುಕೊಳ್ಳುವುದು ಎತ್ತರದಲ್ಲಿ. ಅದರ ಮುಂದಿನ ಬ್ರೇಕನ್ನು ಒಮ್ಮೆಲೆ ಗಪ್ಪನೆ ಹಿಡಿದರೆ ಮಗುಚುವ ಅಪಾಯ ನಿಜ. ಮೋಟಾರ್ ಸೈಕಲ್ಲಿನಲ್ಲಿಯೂ ಮುಂದಿನ ಬ್ರೇಕನ್ನು ಗಪ್ಪನೆ ಹಿಡಿದರೆ, ಭಾರ ಮುಂದಕ್ಕೆ ಬರುವ ಮೊದಲೇ ಗಾಲಿ ಬಿಗಿದು ಜಾರಬಹುದು. ಆದ್ದರಿಂದ ತಪ್ಪು ಬ್ರೇಕಿನದಲ್ಲ, ಹಿಡಿಯುವ ರೀತಿಯದು. ಒದ್ದೆ ಬಟ್ಟೆ ಹಿಂಡುವಾಗ ಮೊದಲು ಮೆಲ್ಲಗೆ, ಆಮೇಲೆ ಬಿಗಿಯಾಗಿ ಹಿಂಡುತ್ತೇವಲ್ಲ, ಹಾಗೆ ಹಿಡಿಯಬೇಕು. ಮೊದಲ ಹಿಡಿತಕ್ಕೆ ಭಾರ ಮುಂದಿನ ಗಾಲಿಗೆ ಬರುತ್ತದೆ. ಟೈರು ರಸ್ತೆಯನ್ನು ಒತ್ತಿ ಹಿಡಿಯುತ್ತದೆ. ಆಮೇಲೆ ಬಲ ಹೆಚ್ಚಿಸಬಹುದು. ಜೊತೆಗೆ ಹಿಂದಿನ ಬ್ರೇಕೂ ಹಗುರವಾಗಿ ಇರಬೇಕು.

ಮಗಳ ಪ್ಲಾಸ್ಟರ್ ಬಿಚ್ಚಿದ ಮೇಲೆ ಒಂದು ಮುಂಜಾನೆ, ವಾಹನಗಳಿಲ್ಲದ ನೇರ ಟಾರು ದಾರಿಯಲ್ಲಿ, ಗೆಳೆಯನನ್ನು ಕಾವಲಿಗೆ ನಿಲ್ಲಿಸಿ, ಹೆಲ್ಮೆಟ್ ಹಾಕಿಕೊಂಡು ನಾನು ಪರೀಕ್ಷೆ ಮಾಡಿದೆ. ಸೀಮೆಸುಣ್ಣದಿಂದ ಗೆರೆ ಎಳೆದು, 30ರ ವೇಗದಲ್ಲಿ ಬಂದು ಗೆರೆಯ ಬಳಿ ಬ್ರೇಕ್ ಹಿಡಿದೆ. ಹಿಂದಿನದೊಂದರಿಂದಲೇ ನಿಂತಾಗ ಅಳೆದರೆ 13 ಹೆಜ್ಜೆ. ಎರಡನ್ನೂ ಸರಿಯಾಗಿ ಹಿಡಿದಾಗ 7 ಹೆಜ್ಜೆ. ಗಾಡಿ ಅದೇ, ದಾರಿ ಅದೇ, ಸವಾರನೂ ಅದೇ.

ಎಚ್ಚರಿಕೆ: ಇದು ದೊಡ್ಡವರ ಪರೀಕ್ಷೆ. ಗೇರ್ ಇರುವ ಮೋಟಾರ್ ಸೈಕಲ್ ಓಡಿಸಲು 18 ವರ್ಷ ತುಂಬಿರಬೇಕು, ಪರವಾನಗಿ ಇರಬೇಕು. ನಿಮ್ಮ ಪಾಲಿನ ಪ್ರಯೋಗ ಇಟ್ಟಿಗೆ ಮತ್ತು ತಳ್ಳುವ ಸೈಕಲ್.

ವೇಗ ದುಪ್ಪಟ್ಟು, ದೂರ ನಾಲ್ಕು ಪಟ್ಟು

ಇನ್ನೊಂದು ಲೆಕ್ಕ ಇದೆ. ವೇಗ 20 ಇದ್ದದ್ದು 40 ಆದರೆ ನಿಲ್ಲಲು ಬೇಕಾದ ದೂರವೂ ಎರಡು ಪಟ್ಟಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ದೂರ ನಾಲ್ಕು ಪಟ್ಟಾಗುತ್ತದೆ.

ಇದನ್ನು ಹಾಲೆಂಡಿನ ಗ್ರಾವೆಸಾಂಡೆ ಎಂಬ ವಿಜ್ಞಾನಿ 1722ರ ಸುಮಾರಿಗೆ ಬಲು ಸರಳವಾಗಿ ತೋರಿಸಿದರು. ಮೆತ್ತನೆಯ ಜೇಡಿಮಣ್ಣಿನ ಮೇಲೆ ಲೋಹದ ಗುಂಡುಗಳನ್ನು ಬೇರೆ ಬೇರೆ ಎತ್ತರದಿಂದ ಬಿಟ್ಟರು. ಎರಡು ಪಟ್ಟು ವೇಗದಿಂದ ಬಿದ್ದ ಗುಂಡು ನಾಲ್ಕು ಪಟ್ಟು ಆಳಕ್ಕೆ ಇಳಿಯಿತು. ಫ್ರಾನ್ಸಿನ ಎಮಿಲಿ ದು ಶಾತ್ಲೆ ಎಂಬ ವಿದುಷಿ 1740ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಈ ವಿಚಾರವನ್ನು ಎತ್ತಿಹಿಡಿದರು. ನಮ್ಮ ಕಡೆ ಎರೆಮಣ್ಣಿಗೇನು ಬರವೇ? ಮಣ್ಣನ್ನು ಹದವಾಗಿ ಕಲಸಿ ಹರವಿ, ಒಂದೇ ಗುಂಡನ್ನು ಮೊದಲು 25 ಸೆಂಟಿಮೀಟರ್, ಆಮೇಲೆ 1 ಮೀಟರ್ ಎತ್ತರದಿಂದ ಬಿಡಿ. ನಾಲ್ಕು ಪಟ್ಟು ಎತ್ತರದಿಂದ ಬಿದ್ದಾಗ ವೇಗ ಎರಡು ಪಟ್ಟು ಇರುತ್ತದೆ. ಕುಳಿಗಳ ಆಳವನ್ನು ಕಡ್ಡಿಯಿಂದ ಅಳೆದು ಹೋಲಿಸಿ.

ಚಲಿಸುವ ವಸ್ತುವಿನಲ್ಲಿ ಚಲನಶಕ್ತಿ ಇರುತ್ತದೆ. ವೇಗ ಎರಡು ಪಟ್ಟಾದರೆ ಅದು ನಾಲ್ಕು ಪಟ್ಟಾಗುತ್ತದೆ. ಬ್ರೇಕ್ ಆ ಶಕ್ತಿಯನ್ನೆಲ್ಲ ಶಾಖವಾಗಿ ಬದಲಾಯಿಸಬೇಕು. ಅದಕ್ಕೇ ಇಳಿಜಾರು ಇಳಿದು ಬಂದ ಗಾಡಿಯ ಬ್ರೇಕ್ ಸುಡುವಷ್ಟು ಬಿಸಿಯಾಗಿರುತ್ತದೆ. ಅದನ್ನು ಮುಟ್ಟಬೇಡಿ.

ಇದರ ಜೊತೆಗೆ ಇನ್ನೊಂದು ದೂರವೂ ಸೇರುತ್ತದೆ. ಕಣ್ಣು ಕರುವನ್ನು ಕಂಡು, ಮೆದುಳು ಅರ್ಥ ಮಾಡಿಕೊಂಡು, ಕೈಕಾಲು ಬ್ರೇಕ್ ಒತ್ತುವ ಹೊತ್ತಿಗೆ ಸುಮಾರು ಒಂದು ಸೆಕೆಂಡ್ ಕಳೆದಿರುತ್ತದೆ. ಆ ಸೆಕೆಂಡಿನಲ್ಲಿ ಗಾಡಿ ಅದೇ ವೇಗದಲ್ಲಿ ಓಡುತ್ತಲೇ ಇರುತ್ತದೆ. ಒಣಗಿದ ಟಾರು ರಸ್ತೆ, ಎರಡೂ ಬ್ರೇಕ್, ಪ್ರತಿ ಸೆಕೆಂಡಿಗೆ ವೇಗ ಸೆಕೆಂಡಿಗೆ 5 ಮೀಟರಿನಷ್ಟು ಇಳಿಯುತ್ತದೆ ಎಂದು ಹಿಡಿದರೆ ಲೆಕ್ಕ ಹೀಗೆ:

ಗಂಟೆಗೆ 20 ಕಿ.ಮೀ.: ಸೆಕೆಂಡಿನಲ್ಲಿ ಓಡಿದ್ದು 5.6 ಮೀಟರ್, ಬ್ರೇಕಿನ ದೂರ 3.1 ಮೀಟರ್, ಒಟ್ಟು 8.7 ಮೀಟರ್.

ಗಂಟೆಗೆ 40 ಕಿ.ಮೀ.: 11.1 ಮತ್ತು 12.3, ಒಟ್ಟು 23.4 ಮೀಟರ್.

ಗಂಟೆಗೆ 60 ಕಿ.ಮೀ.: 16.7 ಮತ್ತು 27.8, ಒಟ್ಟು 44.5 ಮೀಟರ್.

ಕ್ರಿಕೆಟ್ ಪಿಚ್ಚಿನ ಉದ್ದ ಸುಮಾರು 20 ಮೀಟರ್. 60ರ ವೇಗದಲ್ಲಿ ಬರುವ ಗಾಡಿ ನಿಮ್ಮನ್ನು ಕಂಡ ಮೇಲೆ ನಿಲ್ಲಲು ಎರಡು ಪಿಚ್‌ಗಿಂತ ಹೆಚ್ಚು ಉದ್ದದ ಜಾಗ ಬೇಕು. ರಸ್ತೆ ದಾಟುವಾಗ "ಗಾಡಿಯವನು ನನ್ನನ್ನು ನೋಡಿದ್ದಾನೆ, ನಿಲ್ಲಿಸುತ್ತಾನೆ" ಎಂದುಕೊಂಡು ಓಡುವ ಮುನ್ನ ಈ ಎರಡು ಪಿಚ್ ನೆನಪಿರಲಿ. ಅವನಿಗೆ ನಿಲ್ಲಿಸುವ ಮನಸ್ಸಿದ್ದರೂ ಗಾಡಿ ನಿಲ್ಲದಿರಬಹುದು.

ಈಗ ನನ್ನ ಮಗಳ ಪ್ರಶ್ನೆಗೆ ಬರುತ್ತೇನೆ. 40ರ ವೇಗದ ಎರಡು ಗಾಡಿಗಳು ಒಂದೇ ಗೆರೆಯಲ್ಲಿ ಬ್ರೇಕ್ ಹಿಡಿದವು ಎನ್ನಿ. ಒಂದು ಎರಡೂ ಬ್ರೇಕ್ ಹಿಡಿದು 12.3 ಮೀಟರಿನಲ್ಲಿ ನಿಂತಿತು. ಇನ್ನೊಂದು ಹಿಂದಿನದನ್ನು ಮಾತ್ರ ಹಿಡಿದಿದೆ, ಅದರ ವೇಗ ಸೆಕೆಂಡಿಗೆ 3 ಮೀಟರಿನಷ್ಟು ಮಾತ್ರ ಇಳಿಯುತ್ತಿದೆ. ಮೊದಲನೆಯದು ನಿಂತ ಜಾಗವನ್ನು ದಾಟುವಾಗ ಎರಡನೆಯದರ ವೇಗ ಎಷ್ಟಿರುತ್ತದೆ? ಲೆಕ್ಕ ಹಾಕಿದರೆ ಇನ್ನೂ ಗಂಟೆಗೆ 25 ಕಿಲೋಮೀಟರ್! ಅದು ನಿಲ್ಲುವುದು 20.6 ಮೀಟರಿಗೆ. ಇದು ಒಣ ರಸ್ತೆಯ ಲೆಕ್ಕ. ನನ್ನ ಟೈರಿನ ಕೆಳಗೆ ಎರೆಮಣ್ಣಿನ ಕೆಸರೂ ಇತ್ತು.

"ಗಾಡಿ ಯಾಕ ನಿಲ್ಲಲಿಲ್ಲ ಅಂದ್ರ, ನಿಲ್ಲಿಸೋ ಗಾಲಿಯನ್ನ ನಾ ಕೆಲಸಕ್ಕ ಹಚ್ಚಲೇ ಇಲ್ಲವ್ವ. ಮತ್ತ ಕೆಸರಿನ ದಾರಿಗೆ 40 ಹೆಚ್ಚಾತು" ಎಂದು ನಾನು ಅವಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಅದು ನಿನಗ ಮೊದಲ ಗೊತ್ತಿತ್ತಲ್ಲಪ್ಪಾ" ಎಂದಳು. ಗೊತ್ತಿತ್ತು. ಕರಿಹಲಗೆಯ ಮೇಲೆ ಗೊತ್ತಿತ್ತು.

ದೊಡ್ಡವರಿಗೆ ಹೇಳುವುದು ಹೇಗೆ?

ಹಿರೋಳ್ಳಿಯಲ್ಲಿ ಈ ಪಾಠ ಮುಗಿದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ, ಇದನ್ನ ನಮ್ಮಪ್ಪಗ ಹೆಂಗ ಹೇಳಬೇಕ್ರಿ? ನನಗ ಗಾಡಿ ಕಲಸ್ತೀಯೇನು ಅಂತ ಬೈತಾರ." ತರಗತಿ ನಕ್ಕಿತು. ಅವಳು ನಗಲಿಲ್ಲ. ಅವಳು ದಿನವೂ ಅಪ್ಪನ ಹಿಂದೆ ಕುಳಿತು ಶಾಲೆಗೆ ಬರುತ್ತಿದ್ದಳು.

ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಉಪದೇಶ ಮಾಡಬೇಡಿ. ಮನೆಯಂಗಳದಲ್ಲಿ ಸೈಕಲ್ ತಳ್ಳಿ ಬ್ರೇಕಿನ ಪ್ರಯೋಗ ತೋರಿಸಿ, "ಅಪ್ಪಾ, ಹೀಗೇಕೆ?" ಎಂದು ಕೇಳಿ. ಅವರು ಆಸಕ್ತಿ ತೋರಿಸಿದರೆ ಈ ವಿಷಯಗಳನ್ನೂ ಓದಿ ಹೇಳಿ.

ಮುಂದಿನ ಬ್ರೇಕನ್ನು ಎಷ್ಟೋ ವರ್ಷ ಬಳಸದವರು ಮೊದಲು ಗ್ಯಾರೇಜಿನಲ್ಲಿ ಅದರ ಕೇಬಲ್, ಶೂ ಅಥವಾ ಡಿಸ್ಕ್ ಪರೀಕ್ಷೆ ಮಾಡಿಸಬೇಕು. ಆಮೇಲೆ ಖಾಲಿ ಜಾಗದಲ್ಲಿ ಕಡಿಮೆ ವೇಗದಲ್ಲಿ ರೂಢಿ ಮಾಡಿಕೊಳ್ಳಬೇಕು. ಆಪತ್ತಿನ ಹೊತ್ತಿಗೆ ಕೈಕಾಲು ರೂಢಿಯಾದದ್ದನ್ನೇ ಮಾಡುತ್ತವೆ.

ತಿರುವಿನಲ್ಲಿ ಬ್ರೇಕ್ ಹಿಡಿಯುವುದಲ್ಲ, ತಿರುವಿಗೆ ಮುಂಚೆಯೇ ವೇಗ ಇಳಿಸಬೇಕು. ಟೈರಿನ ಹಿಡಿತ ಒಂದು ರೊಟ್ಟಿ ಇದ್ದಂತೆ. ಅರ್ಧ ರೊಟ್ಟಿಯನ್ನು ತಿರುವು ತಿಂದರೆ ಬ್ರೇಕಿಗೆ ಉಳಿಯುವುದು ಅರ್ಧವೇ.

ಮೊದಲ ಮಳೆಗೆ ರಸ್ತೆಯ ಧೂಳು ಮತ್ತು ಎಣ್ಣೆ ಸೇರಿ ಜಾರುತ್ತದೆ. ಮರಳು, ಕೆಸರು, ರಾಶಿ ಮಾಡಲು ದಾರಿಯಲ್ಲಿ ಹರವಿದ ಬೆಳೆ ಇವೆಲ್ಲವೂ ಟೈರು ಮತ್ತು ರಸ್ತೆಯ ನಡುವೆ ಬಂದು ಹಿಡಿತ ತಪ್ಪಿಸುತ್ತವೆ. ಅಲ್ಲಿ ದಾರಿ ಒಂದೇ: ಮೊದಲೇ ನಿಧಾನವಾಗುವುದು, ಬ್ರೇಕನ್ನು ಮೆಲ್ಲಗೆ ಹಿಡಿಯುವುದು.

ಹೊಸ ಗಾಡಿಗಳಲ್ಲಿ ಸ್ವಲ್ಪ ಸಹಾಯವಿದೆ. ನಮ್ಮ ದೇಶದಲ್ಲಿ 2019ರ ಏಪ್ರಿಲ್ 1ರಿಂದ ಮಾರಾಟವಾಗುವ 125 ಸಿಸಿಗಿಂತ ದೊಡ್ಡ ಗಾಡಿಗಳಿಗೆ ಎಬಿಎಸ್ ಕಡ್ಡಾಯವಾಯಿತು. ಗಾಲಿ ಬಿಗಿದುಕೊಳ್ಳುವ ಸೂಚನೆ ಸಿಕ್ಕೊಡನೆ ಅದು ಬ್ರೇಕನ್ನು ಸೆಕೆಂಡಿನಲ್ಲಿ ಹಲವು ಸಲ ಬಿಟ್ಟು ಹಿಡಿಯುತ್ತದೆ. ಚಿಕ್ಕ ಗಾಡಿಗಳಿಗೆ ಎಬಿಎಸ್ ಅಥವಾ ಸಿಬಿಎಸ್ ಬಂತು. ಸಿಬಿಎಸ್‌ನಲ್ಲಿ ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಆದರೆ ಹಳೆಯ ಗಾಡಿಗಳು ಇನ್ನೂ ರಸ್ತೆಯಲ್ಲಿವೆ. ಹೊಸ ಗಾಡಿಯೂ ಕೆಸರಿನ ಮೇಲೆ ಒಣ ರಸ್ತೆಯಷ್ಟು ಬೇಗ ನಿಲ್ಲಲಾರದು.

ಕೊನೆಯದು ಹೆಲ್ಮೆಟ್. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ನಾಲ್ಕು ವರ್ಷ ಮೀರಿದ ಎಲ್ಲರೂ, ಹಿಂದೆ ಕುಳಿತವರೂ, ಹೆಲ್ಮೆಟ್ ಧರಿಸಬೇಕು. ನಾಲ್ಕು ವರ್ಷದೊಳಗಿನ ಮಗು ಗಾಡಿಯ ಮೇಲಿದ್ದರೆ ವೇಗ 40 ಕಿಲೋಮೀಟರ್ ಮೀರಬಾರದೆಂದು 2022ರ ನಿಯಮ ಹೇಳುತ್ತದೆ. ನನ್ನ ಮಗಳಿಗೆ ಹೆಲ್ಮೆಟ್ ತಂದದ್ದು ಬಿದ್ದ ನಾಲ್ಕನೆಯ ದಿನ. ನಾಲ್ಕು ದಿನ ಮೊದಲು ತರಬೇಕಿತ್ತು.

ಆ ಹುಡುಗಿಯ ಅಪ್ಪ ಮುಂದಿನ ತಿಂಗಳು ಶಾಲೆಯ ಗೇಟಿನ ಬಳಿ ನನಗೆ ಸಿಕ್ಕರು. "ಮಾಸ್ತರ, ಮಗಳು ನಮ್ಮ ಅಂಗಳದಾಗ ಸೈಕಲ್ ತಳ್ಳಿ ತಳ್ಳಿ ನೆಲಕ್ಕ ಗೆರಿ ಹಾಕ್ಯಾಳ್ರಿ" ಎಂದು ನಗುತ್ತ ಹೇಳಿದರು. ಆಮೇಲೆ ಮೆಲ್ಲಗೆ, "ಮುಂದಿನ ಬ್ರೇಕ್ ಹಿಡದು ನೋಡದೆ. ಹಿಡೀತದ" ಎಂದರು.

ಮಾಡಿ ನೋಡಿ, ಬರೆದು ಕಳಿಸಿ

ನಿಮ್ಮ ಶಾಲೆಯ ಗೇಟಿನ ಮುಂದೆ ರಸ್ತೆಯ ಅಂಚಿನಿಂದ ದೂರ ನಿಂತು, ಗುರುಗಳ ಜೊತೆಯಲ್ಲಿ, ಒಂದು ಗಂಟೆ ಎಣಿಸಿ. ಎಷ್ಟು ಮೋಟಾರ್ ಸೈಕಲ್ ಹೋದವು? ಎಷ್ಟು ಸವಾರರು ಹೆಲ್ಮೆಟ್ ಹಾಕಿದ್ದರು? ಹಿಂದೆ ಕುಳಿತ ಮಕ್ಕಳಲ್ಲಿ ಎಷ್ಟು ಜನರ ತಲೆಯ ಮೇಲೆ ಹೆಲ್ಮೆಟ್ ಇತ್ತು? ಇಟ್ಟಿಗೆ ಪ್ರಯೋಗದಲ್ಲಿ ಕದಲುವ ಮುನ್ನ ಮತ್ತು ಜಾರುವಾಗ ತ್ರಾಸು ತೋರಿಸಿದ್ದೆಷ್ಟು? ಇಟ್ಟಿಗೆಯ ಕೆಳಗೆ ನೀರು ಚೆಲ್ಲಿದರೆ, ಮರಳು ಹಾಕಿದರೆ ಏನಾಯಿತು? ಗೇಟಿನಿಂದ ಎಷ್ಟು ಮೀಟರ್ ದೂರದವರೆಗೆ ರಸ್ತೆ ಕಾಣಿಸುತ್ತದೆ? 60ರ ವೇಗದಲ್ಲಿ ಬರುವ ಗಾಡಿ ಅಷ್ಟರಲ್ಲಿ ನಿಲ್ಲಬಲ್ಲದೇ? ಲೆಕ್ಕ ಹಾಕಿ ಬರೆಯಿರಿ. ನಿಮ್ಮ ಅಳತೆಗಳಿಗಾಗಿ ಕಾಯುತ್ತಿರುತ್ತೇನೆ.